ಭಯ ಇರಬೇಕಾದದ್ದು ಪ್ರೇಕ್ಷಕರಲ್ಲಿ

ನಾನು ಸಹಾಯಕ ನಿರ್ದೇಶಕಿಯಾಗಿ ಕೆಲಸ ಮಾಡಿದ ಚಿತ್ರವೊಂದರ ಕತೆ ಕಾರವಾರದ ಮೀನುಗಾರ ಕುಟುಂಬದ ಹದಿನೈದು ವರ್ಷದ ಹುಡುಗಿಯದು. ಓದಿಗೆ ನೆರವಾಗುವ, ಮೊಬೈಲಿಗೆ ರೀಚಾರ್ಜ್ ಮಾಡಿಸಿಕೊಡುವ, ಮನೆಮಂದಿಯೆಲ್ಲ ‘ಅಣ್ಣ’ ಎಂದೇ ಕರೆಯುವ ಪರಿಚಿತನೊಬ್ಬ ನಿಧಾನವಾಗಿ ಆಕೆಯ ವಿಶ್ವಾಸ ಗಳಿಸುತ್ತಾನೆ. ಕೊನೆಗೆ ಬಂದರಿನಲ್ಲಿ ಕಟ್ಟಿ ನಿಲ್ಲಿಸಿದ ಬೋಟಿನ ಕ್ಯಾಬಿನ್ನಿನಲ್ಲಿ ಸಿಕ್ಕಿಬೀಳುವ ಆಕೆ ಹೇಗೋ ಪಾರಾಗುತ್ತಾಳೆ.

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಾರವಾರದ ಮೀನುಗಾರಿಕಾ ಬಂದರಾದ ಬೈತಖೋಲದಲ್ಲಿ ಬೋಟು ಸಿಗುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಆ ದೃಶ್ಯವನ್ನು ಹೇಗೆ ತೆಗೆಯಬೇಕೆಂಬ ಚರ್ಚೆ. ಎಳೆಯ ಕಲಾವಿದರಿಗೆ ಮುಂದೇನಾಗುತ್ತದೆಂದು ತಿಳಿಸದೆ ಏಕಾಏಕಿ ಬೆಚ್ಚಿಬೀಳಿಸಿದರೆ ಮುಖದಲ್ಲಿ ನಿಜವಾದ ಭಯ ಮೂಡುತ್ತದೆ ಎಂಬ ನಂಬಿಕೆ ನಮ್ಮ ಕ್ಷೇತ್ರದಲ್ಲಿ ಇನ್ನೂ ಉಳಿದಿದೆ. ಹಾಗೆ ದೊರೆಯುವುದು ಅಭಿನಯವಲ್ಲ, ಒಂದು ಮಗುವಿನ ಗಾಬರಿಯ ದಾಖಲೆ ಮಾತ್ರ ಎಂಬುದು ನನ್ನ ಅಭಿಪ್ರಾಯ.

ಪಾತ್ರ ವಹಿಸಿದ ಹುಡುಗಿಯ ತಾಯಿ ಮೊದಲ ದಿನವೇ, “ಅವಳಿಗೆ ಕತೆ ಪೂರ್ತಿ ಹೇಳಿಬಿಡಿ ತಂಗೀ, ಅರ್ಧ ಹೇಳಬೇಡಿ” ಎಂದಿದ್ದರು. ಹೇಳಿದೆವು. ಎಲ್ಲವನ್ನೂ ಕೇಳಿಸಿಕೊಂಡ ಆಕೆ, “ಅಕ್ಕಾ, ಬಾಗಿಲನ್ನು ನಿಜವಾಗಿಯೂ ಹಾಕುತ್ತೀರಾ?” ಎಂದು ಮಾತ್ರ ಕೇಳಿದಳು. ದೃಶ್ಯವನ್ನು ಹೇಗೆ ತೆಗೆಯಬೇಕೆಂಬುದು ಆ ಪ್ರಶ್ನೆಯಿಂದಲೇ ತೀರ್ಮಾನವಾಯಿತು. ಕತೆಯಲ್ಲಿ ರಾತ್ರಿಯಾದರೂ ಕ್ಯಾಬಿನ್ನಿನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಹಗಲಿನಲ್ಲೇ ಚಿತ್ರೀಕರಿಸಿದೆವು. ಆಕೆಯ ಬೆನ್ನ ಹಿಂದಿನ ಬಾಗಿಲು ತೆರೆದೇ ಇತ್ತು, ಅದರಾಚೆ ತಾಯಿ ಕುಳಿತಿದ್ದರು. ಖಳನ ಪಾತ್ರದ ನಟ ಅಂದು ಸೆಟ್ಟಿಗೇ ಬರಲಿಲ್ಲ. ಆತನ ಮಾತುಗಳನ್ನು ಕ್ಯಾಮೆರಾದ ಪಕ್ಕದಲ್ಲಿ ನಿಂತು ನಾನೇ ಓದಿದೆ.

ಭಯಪಡು ಎಂದು ಆಕೆಗೆ ಯಾರೂ ಹೇಳಲಿಲ್ಲ. ಮಳೆಯಲ್ಲಿ ನೆನೆದು ಬಿಗಿದುಕೊಂಡಿದ್ದ ನೈಲಾನ್ ಹಗ್ಗದ ಗಂಟನ್ನು ಬಿಚ್ಚುವ ಕೆಲಸ ಕೊಟ್ಟೆವು. ಉಗುರಿಗೆ ಸಿಕ್ಕಂತಾಗಿ ಎಳೆ ಮತ್ತೆ ಜಾರುತ್ತಿತ್ತು, ಆಕೆ ತುಟಿ ಕಚ್ಚಿ ಮತ್ತೆ ಹಿಡಿಯುತ್ತಿದ್ದಳು. ಆ ಏಕಾಗ್ರತೆಯ ಮೇಲೆ, ಬೇರೆ ದಿನ ಬೇರೆಡೆ ಧ್ವನಿಮುದ್ರಿಸಿಕೊಂಡ ಚಿಲಕದ ಸದ್ದನ್ನು ಸಂಕಲನದಲ್ಲಿ ಕೂಡಿಸಿದಾಗ ನೋಡುವವರ ಎದೆ ಝಲ್ಲೆನ್ನುವಂತಾಯಿತು. ಖಳನ ಮುಖದ ಶಾಟುಗಳನ್ನು ಆಕೆ ಊರಿಗೆ ಮರಳಿದ ಮೇಲೆ ತೆಗೆದದ್ದು; ಅವುಗಳಲ್ಲಿ ಆತ ಗದರುವುದಿಲ್ಲ, ಊಟವಾಯಿತೇ ಎಂದು ವಿಚಾರಿಸುತ್ತಾನೆ. ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಮಾತು ಅದೇ.

ಕಾನೂನಿನ ಒಂದು ವಿಚಾರವನ್ನೂ ಈ ಕೆಲಸಕ್ಕೆ ಬರುವವರು ತಿಳಿದಿರಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ ಬಾಲಕಲಾವಿದರಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಜಿಲ್ಲಾಧಿಕಾರಿಯ ಅನುಮತಿ ಬೇಕು, ಸಂಭಾವನೆಯ ಕನಿಷ್ಠ ಶೇ. 20ರಷ್ಟನ್ನು ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು. ಆದರೆ ಆ ಕಾಯ್ದೆಯಲ್ಲಿ ಮಗುವೆಂದರೆ ಹದಿನಾಲ್ಕು ತುಂಬದವರು. ಹೀಗಾಗಿ ತಮ್ಮನ ಪಾತ್ರದ ಹನ್ನೊಂದರ ಹುಡುಗನಿಗೆ ಸಿಕ್ಕ ರಕ್ಷಣೆ, ಅದಕ್ಕಿಂತ ಎಷ್ಟೋ ಕಠಿಣ ದೃಶ್ಯಗಳಿದ್ದ ಹದಿನೈದರ ಹುಡುಗಿಗೆ ಅದೇ ರೂಪದಲ್ಲಿ ಸಿಗುವುದಿಲ್ಲ. ಆಕೆಗೂ ಐದು ಗಂಟೆಯ ಮಿತಿಯೇ ಇರಲೆಂದು ನಾವು ನಿರ್ಧರಿಸಿದೆವು. ವೇಳಾಪಟ್ಟಿ ಹಿಗ್ಗಿತು, ನಿರ್ಮಾಪಕರು ಗೊಣಗಿದರು, ಕೊನೆಗೆ ಒಪ್ಪಿದರು.

ಚಲನಚಿತ್ರ ಪ್ರಮಾಣೀಕರಣದ 2024ರ ಹೊಸ ನಿಯಮಗಳು, ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳಿಗೆ ಕೊಡುವ ಯುಎ ಪ್ರಮಾಣಪತ್ರವನ್ನು ವಯಸ್ಸಿಗೆ ತಕ್ಕಂತೆ 7+, 13+, 16+ ಎಂದು ವಿಂಗಡಿಸಿವೆ. ನಮ್ಮದಕ್ಕೆ 16+ ಸಿಗಬಹುದೆಂದು ಅಂದಾಜಿಸಿದ್ದೇವೆ. ಹಾಗಾದರೆ ನಾಯಕಿಯೇ ತನ್ನ ಚಿತ್ರವನ್ನು ಹಿರಿಯರ ಮಾರ್ಗದರ್ಶನದಲ್ಲಿ ನೋಡಬೇಕಾಗುತ್ತದೆ. ಬೋಟಿನ ದೃಶ್ಯದ ಸಂಕಲಿತ ಭಾಗವನ್ನಂತೂ ತಾಯಿ, ಮಗಳು ಇಬ್ಬರಿಗೂ ಮೊದಲೇ ತೋರಿಸಿ, ಒಪ್ಪಿಗೆ ಪಡೆದಿದ್ದೇವೆ.