ಮಾರ್ಚ್ ತಿಂಗಳಲ್ಲಿ ಕತ್ತರಿ ಒಳಗಿರಲಿ

ಚಿಕ್ಕಮಗಳೂರಿನ ಸುತ್ತಮುತ್ತ ಹೋಂಸ್ಟೇ, ತೋಟದ ಮನೆಗಳ ಕೈತೋಟ ನೋಡಿಕೊಳ್ಳುವುದು ನನ್ನ ಕೆಲಸ. ಯುಗಾದಿ ಹತ್ತಿರ ಬಂತೆಂದರೆ ಮಾಲೀಕರ ಫೋನು ಶುರು. ‘ರಜೆಗೆ ಗೆಸ್ಟ್ ಬರ್ತಾರೆ. ಗಿಡ ಸವರಿ, ಗೊಬ್ಬರ ಹಾಕಿ, ದರಗು ಗುಡಿಸಿ ಅಂಗಳ ಚೊಕ್ಕ ಮಾಡಿಕೊಡಿ.’ ವಸಂತದಲ್ಲಿ ಇದೇ ಕೆಲಸ ಅಂತ ಯೂಟ್ಯೂಬಿನಲ್ಲಿ ನೋಡಿರುತ್ತಾರೆ. ಅದು ಹಿಮ ಬೀಳುವ ದೇಶದ ಲೆಕ್ಕ. ಅಲ್ಲಿ ಹಿಮ ಕರಗಿ ನೆಲ ಹಸಿಯಾಗಿರುವಾಗ ಗಿಡ ಚಿಗುರುತ್ತದೆ. ನಮ್ಮಲ್ಲಿ ಆ ಹೊತ್ತಿಗೆ ಮಣ್ಣಿನ ಪಸೆಯೆಲ್ಲ ಆರಿ, ಬಾವಿ ತಳ ಹಿಡಿದಿರುತ್ತದೆ.

ಸವರಿದ ಗಿಡ ಎಳೆ ಚಿಗುರು ಬಿಡುತ್ತದೆ. ಯೂರಿಯಾ ಬಿದ್ದರಂತೂ ಕೇಳಲೇ ಬೇಡಿ. ಆ ಚಿಗುರಿಗೆ ನೀರು ಸಾಲದೆ ಮಧ್ಯಾಹ್ನದ ಬಿಸಿಲಿಗೆ ತುದಿ ಕರಕಲಾಗುತ್ತದೆ, ಉಳಿದದ್ದಕ್ಕೆ ಹಿಟ್ಟು ತಿಗಣೆ ಬೀಳುತ್ತದೆ. ದಾಸವಾಳದ ತುದಿ ಎಲೆ ಮುದುಡಿದ್ದರೆ ಬಿಡಿಸಿ ನೋಡಿ: ಒಳಗೆ ಹತ್ತಿ ಮೆತ್ತಿದ ಹಾಗೆ ಬಿಳಿ, ಕಾಂಡದ ಮೇಲೆ ಇರುವೆ ಸಾಲು. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ತಿಗಣೆಯನ್ನು ತಿನ್ನಲು ಬಂದ ಹುಳವನ್ನು ಓಡಿಸುತ್ತದೆ. ಅಷ್ಟು ತುದಿಯನ್ನು ಚಿವುಟಿ ಸುಟ್ಟುಬಿಡಿ, ಸೋಪು ನೀರಿಗೆ ಬೇವಿನೆಣ್ಣೆ ಬೆರೆಸಿ ಸಂಜೆ ಹೊಡೆಯಿರಿ. ಇರುವೆಯ ದಾರಿ ಮುಚ್ಚದಿದ್ದರೆ ಎಣ್ಣೆ ದಂಡ.

ಹೈಡ್ರೇಂಜ ಗಿಡಕ್ಕಂತೂ ಈಗ ಕತ್ತರಿ ಸೋಕಿಸಲೇಬಾರದು. ಅದು ಹೂ ಬಿಡುವುದು ಹಳೆಯ ಕಡ್ಡಿಯ ತುದಿಯಲ್ಲಿ. ತುದಿ ಹೋದರೆ ಆ ವರ್ಷದ ಹೂವೂ ಹೋಯಿತು.

ದರಗಿನ ವಿಷಯಕ್ಕೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಸಿಲ್ವರ್ ಓಕ್ ಎಲೆ ಉದುರಿದ್ದನ್ನೆಲ್ಲ ಗುಡಿಸಿ ಬೆಂಕಿ ಕೊಡುವ ಮನೆಗಳಿವೆ, ಮರುದಿನ ಅದೇ ಮನೆಯವರು ಮಣ್ಣಿನ ಪಸೆ ಉಳಿಯಲಿ ಅಂತ ಪೇಟೆಯಿಂದ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಹುಡಿ, ತರುತ್ತಾರೆ! ಓಡಾಡುವ ಜಾಗ, ಗೋಡೆ ಬದಿ, ಒಲೆಯ ಹತ್ತಿರ ಗುಡಿಸಿ, ಬೇಡ ಎನ್ನುವುದಿಲ್ಲ. ಗುಡಿಸಿದ್ದು ಪಾತಿಗೆ ಬರಲಿ. ಗೇಣು ದಪ್ಪ ಹರಡಿದರೆ ಕೆಲವೇ ದಿನಗಳಲ್ಲಿ ಕುಸಿದು ನಾಲ್ಕು ಬೆರಳಾಗುತ್ತದೆ. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ.

ಇನ್ನು ನೀರು. ದಿನಾ ಸಂಜೆ ಪೈಪು ಹಿಡಿದು ಎಲೆ ಮೇಲೆ ಚಿಮುಕಿಸುವುದು ಹೆಚ್ಚಿನವರ ರೂಢಿ. ಹಾಗೆ ನೀರು ಬಿಟ್ಟ ಪಾತಿಯನ್ನು ಖುರ್ಪಿಯಲ್ಲಿ ಕೆದಕಿದರೆ ಮೇಲೆ ಬೆರಳು ಅಗಲ ಕೆಂಪು ಕೆಸರು, ಕೆಳಗೆ ಬರೀ ಹುಡಿ. ಬೇರೂ ನೀರಿದ್ದಲ್ಲಿಗೆ, ಅಂದರೆ ಮೇಲಕ್ಕೆ ಬರುತ್ತದೆ, ಬಿಸಿಲಿಗೆ ಸಾಯುತ್ತದೆ. ನಾನು ಪೈಪನ್ನು ಸಣ್ಣಗೆ ಬಿಟ್ಟು ಬುಡದಲ್ಲಿ ಮಲಗಿಸಿ ಬೇರೆ ಕೆಲಸಕ್ಕೆ ಹೋಗುತ್ತೇನೆ. ಬೆಳಗ್ಗೆ, ವಾರಕ್ಕೆ ಎರಡು ಸಲ. ಕುಂಡಗಳಿಗೆ ಮಾತ್ರ ದಿನಾ ಬೇಕು. ಕಾಗದದ ಹೂವಿನ ಬಳ್ಳಿಯನ್ನು ಬಾಯಾರಿಸಿದಷ್ಟೂ ಹೂವು, ನೀರು ಜಾಸ್ತಿಯಾದರೆ ಬರೀ ಸೊಪ್ಪು. ಲಾನ್ ಮಿಷನ್ನಿನ ಬ್ಲೇಡನ್ನು ಎರಡು ಇಂಚಿಗೆ ಏರಿಸಿಬಿಡಿ.

ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದರೆ ಲೆಕ್ಕ ಬೇರೆ. ತೋಟದವರು ಮಳೆಯನ್ನು ಸೆಂಟಿನಲ್ಲಿ ಅಳೆಯುತ್ತಾರೆ, ನೂರು ಸೆಂಟು ಅಂದರೆ ಒಂದು ಇಂಚು. ಹತ್ತು ಹದಿನೈದು ಸೆಂಟು ಬಂದರೆ ಧೂಳು ಅಡಗಿತು, ಅಷ್ಟೇ. ಕಾಫಿ ಹೂ ಬಿಡಿಸುವಂಥ ಮಳೆ, ಹತ್ತಿರ ಹತ್ತಿರ ಒಂದು ಇಂಚು, ಬಂದ ಮೇಲೆ ಒಣ ಕಡ್ಡಿ ತೆಗೆಯುತ್ತೇನೆ, ಹಳೆಯ ಕೊಟ್ಟಿಗೆ ಗೊಬ್ಬರ ಒಂದೊಂದು ಬೊಗಸೆ ಕೊಡುತ್ತೇನೆ. ದೊಡ್ಡ ಸವರುವಿಕೆ, ಹೊಸ ಗಿಡ ನೆಡುವುದು ಜೂನಿಗೇ.

ತೊಂದರೆ ಬರುವುದು ದುಡ್ಡಿನ ಹತ್ತಿರ. ಸವರಿದ ರಾಶಿ ಕಂಡರೆ ಮಾಲೀಕರಿಗೆ ಕೆಲಸ ಆಯಿತು ಅನ್ನಿಸುತ್ತದೆ, ನೀರು ಆಳಕ್ಕೆ ಇಳಿದದ್ದು ಯಾರಿಗೂ ಕಾಣುವುದಿಲ್ಲ. ‘ಏನೂ ಮಾಡಿದ ಹಾಗೆ ಕಾಣಲ್ವಲ್ಲ ಮಾರಾಯ್ರೆ’ ಅಂತ ಒಬ್ಬರು ಬಿಲ್ಲಿನಲ್ಲಿ ಅರ್ಧ ಹಿಡಿದರು. ಅಲ್ಲಿಂದ ಈಚೆಗೆ ಫೆಬ್ರವರಿಯಲ್ಲೇ ಚೀಟಿ ಬರೆದು ಕೊಡುತ್ತೇನೆ: ಮಳೆಗೆ ಮುಂಚೆ ಏನು, ಮಳೆ ಆದ ಮೇಲೆ ಏನು, ಯಾವುದಕ್ಕೆ ಎಷ್ಟು. ‘ಸವರುವುದಿಲ್ಲ’ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಒಪ್ಪದವರು ಬೇರೆಯವರನ್ನು ಕರೆಯುತ್ತಾರೆ, ಕರೆಯಲಿ. ಒಪ್ಪಿದವರ ಮನೆಗೆ ಹೋದಾಗ ಖುರ್ಪಿ ಅವರ ಕೈಗೇ ಕೊಟ್ಟು, ಪಾತಿ ಕೆದಕಿ ನೋಡಿ ಅನ್ನುತ್ತೇನೆ.