30 ಅಡಿ ಕೊಟ್ಟಿಗೆ 25ಕ್ಕೆ ಇಳಿದದ್ದು

ಸಿಂಧನೂರು ಕಡೆ ನಮ್ಮ ಹೊಲದಲ್ಲಿ ಹೋದ ವರ್ಷ ಅಕಾಲದ ಮಳೆಗೆ ಬಣವೆ ಅರ್ಧಕ್ಕರ್ಧ ಕೊಳೆಯಿತು. ಈ ಸಲ ಕೆಳಗೆ ದನ ಮತ್ತು ಟ್ರ್ಯಾಕ್ಟರ್, ಮೇಲೆ ಅಟ್ಟದಲ್ಲಿ ನೆಲ್ಲುಹುಲ್ಲು ಇಡೋ ಹಾಗೆ ದೊಡ್ಡ ಕೊಟ್ಟಿಗೆ ಕಟ್ಟೋಣ ಅಂತ ಅಣ್ಣ, ನಾನು ಕೂತೆವು.

ಚಾವಣಿ ಗ್ಯಾಂಬ್ರೆಲ್. ಮಾಳಿಗೆ ಮನೆಗಳ ನಮ್ಮ ಸೀಮೆಯಲ್ಲಿ ಕಾಣದ ಆಕಾರ. ಎರಡೂ ಕಡೆ ಇಳಿಜಾರು ನಡುವೆ ಒಮ್ಮೆ ಮುರಿಯುತ್ತದೆ, ಕೆಳಗಿನ ಭಾಗ ಹೆಚ್ಚುಕಮ್ಮಿ ಗೋಡೆ ಥರ ನಿಂತಿರುತ್ತದೆ, ಮೇಲಿನದು ಮಲಗಿರುತ್ತದೆ. ಕುದುರೆಯ ಹಿಂಗಾಲಿನ ಬಾಗಿನಿಂದ ಬಂದ ಹೆಸರಂತೆ.

ಅಳತೆ ತೆಗೆಯೋದು ಸುಲಭ. ಕಣದಲ್ಲಿ ಗೂಟ ಹೊಡೆದು, 30 ಅಡಿ ಅಗಲಕ್ಕೆ ಅಂತ 15 ಅಡಿ ಹಗ್ಗ ಕಟ್ಟಿ, ಸುಣ್ಣದಲ್ಲಿ ಅರ್ಧ ವೃತ್ತ ಎಳೆದೆವು. ಅದನ್ನು ನಾಲ್ಕು ಸಮಪಾಲು ಮಾಡಿ ನೇರ ಗೆರೆಯಲ್ಲಿ ಸೇರಿಸಿದರೆ ಚಾವಣಿಯ ಆಕಾರ ಬರುತ್ತದೆ, ನಾಲ್ಕೂ ತುಂಡು ಒಂದೇ ಉದ್ದ. ನಮಗೆ ಬಂದದ್ದು ಹನ್ನೊಂದೂವರೆ ಅಡಿ. ಅಂಗಡಿಯಲ್ಲಿ ಪೈಪು ಸಿಗೋದು 6 ಮೀಟರ್, ಅಂದ್ರೆ 20 ಅಡಿಗೆ ಸ್ವಲ್ಪ ಕಮ್ಮಿ. ಪ್ರತಿ ಪೈಪಿಗೂ ಎಂಟಡಿ ಚೂರು ಉಳಿಯುತ್ತೆ, ಅಲ್ವಾ? "ಅದ್ರಾಗ ಏನ್ ಮಾಡ್ತಿ, ಹಂದರ ಹಾಕ್ತಿಯೇನು?" ಅಂದ ಅಣ್ಣ.

ಹಗ್ಗವನ್ನು ಹನ್ನೆರಡೂವರೆ ಅಡಿಗೆ ಇಳಿಸಿದೆವು. ಅಗಲ 25 ಅಡಿ ಆಯಿತು, ತುಂಡು 9 ಅಡಿ 7 ಇಂಚು. ಒಂದು ಪೈಪಿಗೆ ಎರಡು ತುಂಡು, ಉಳಿಯೋದು ಅರ್ಧ ಅಡಿ!

ಇಷ್ಟೆಲ್ಲ ಯಾಕೆ, ಸಾದಾ ಎರಡಿಳಿಜಾರಿನ ಶೆಡ್ ಸಾಲದಾ ಅಂತ ಕೇಳಿದವರು ತುಂಬ ಜನ. ಅದೇ ಅಗಲ, ಅದೇ ಎತ್ತರ ಇಟ್ಟು ನೋಡಿದೆ. ಅಟ್ಟದ ಮೇಲೆ ಆರಡಿ ಎತ್ತರದಲ್ಲಿ ಸಾದಾ ಶೆಡ್ಡಿಗೆ 13 ಅಡಿ ಅಗಲ ಉಳಿಯುತ್ತೆ, ಇದಕ್ಕೆ 20. ಒಂದು ಟ್ರಸ್ಸಿಗೆ, ಅಂದ್ರೆ ಚಾವಣಿ ಹೊರುವ ಒಂದು ಪೈಪಿನ ಚೌಕಟ್ಟಿಗೆ, ಜಾಸ್ತಿ ಬೇಕಾಗೋದು ಸುಮಾರು ಮೂರಡಿ ಪೈಪು ಅಷ್ಟೇ. ಮಳೆ ಕಮ್ಮಿ ಇರೋ ನಮ್ಮೂರಿಗೆ ನೀರು ಜಾರಲಿ ಅಂತ ಈ ಆಕಾರ ಬೇಕಿಲ್ಲ, ಬೇಕಿರೋದು ಹುಲ್ಲಿಗೆ ಜಾಗ.

ಕಷ್ಟ ಇರೋದು ಇಳಿಜಾರು ಮುರಿಯುವ ಬಾಗಿನಲ್ಲಿ. ಜೋಳದ ದಂಟಿನ ನಾಲ್ಕು ತುಂಡು ಮಾಡಿ, ಚಿಕ್ಕಂದಿನಲ್ಲಿ ಬಂಡಿ ಮಾಡ್ತಿದ್ದ ಹಾಗೆ ಜಾಲಿಮುಳ್ಳು ಚುಚ್ಚಿ ನಿಲ್ಲಿಸಿದೆ. ಒಂದು ಪಕ್ಕ ಬೆರಳಿಟ್ಟು ಒತ್ತಿದ್ದೇ ತಡ, ಇನ್ನೊಂದು ಪಕ್ಕ ಹೊರಗೆ ಉಬ್ಬಿ ಇಡೀದು ಕುಸಿಯಿತು. ಮೇ ತಿಂಗಳ ಬಿರುಗಾಳಿ ಮಾಡೋದೂ ಅದನ್ನೇ, ಕಡಿದಾದ ಕೆಳಭಾಗ ಗಾಳಿಗೆ ಎದೆ ಕೊಟ್ಟು ನಿಂತಿರುತ್ತದಲ್ಲ. ಬಾಗಿನ ಒಳಗೆ ಅಡ್ಡ ಕಡ್ಡಿ ಚುಚ್ಚಿ ತ್ರಿಕೋನ ಮಾಡಿದ ಮೇಲೆ ಅಲ್ಲಾಡಲಿಲ್ಲ. ಹಾಗಾಗಿ ಪ್ರತಿ ಬಾಗಿಗೂ ಎರಡು ಕಡೆ ಪ್ಲೇಟು, ಒಳಗೊಂದು ಅಡ್ಡಪಟ್ಟಿ ಅಂತ ಬರೆದಿಟ್ಟೆ. ಬರೀ ವೆಲ್ಡಿಂಗ್ ಸಾಕು ಅಂದವರ ಮಾತು ಕೇಳಲಿಲ್ಲ.

ಉದ್ದ 60 ಅಡಿ, ಹತ್ತಡಿಗೊಂದು ಟ್ರಸ್. ಎರಡೂ ತುದಿಗೆ ಒಂದೊಂದು ಇರಬೇಕಲ್ಲ, ಹಾಗಾಗಿ ಆರಲ್ಲ, ಏಳು ಬೇಕು. ನಾನೂ ಮೊದಲು ಆರೇ ಬರೆದಿದ್ದೆ. ಪೈಪಿನ ದಪ್ಪ, ಅಟ್ಟದ ಭಾರ, ಗಾಳಿ ಮೇಲಕ್ಕೆ ಎತ್ತದಂತೆ ಬುಡದ ಬೋಲ್ಟು ಇವನ್ನು ಅಂದಾಜಿಗೆ ಬಿಡಲಿಲ್ಲ, ಇಂಜಿನಿಯರ್ ಕೈಗೆ ಕೊಟ್ಟಿದ್ದೇವೆ. ದಂಟಿನ ಮಾದರಿಯನ್ನೂ ಒಯ್ಯೋಣ ಅಂತಿದ್ದೆ, ಅಷ್ಟರಲ್ಲಿ ಎಮ್ಮೆ ತಿಂದುಬಿಟ್ಟಿತ್ತು.