ಉಪ್ಪಿಗೆ ಅದ್ದಿದ ರೊಟ್ಟಿ

ಮಂಗಳೂರಿನ ಕಡೆಯ ಎಷ್ಟೋ ಜನರ ಹಾಗೆ ನಾನೂ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡಿದವಳು. ಜೆರುಸಲೇಮಿನಲ್ಲಿ ನಾನಿದ್ದ ಯೆಹೂದಿ ಮನೆಯ ಅಜ್ಜಿಯನ್ನು ನೆನೆದರೆ ಈಗಲೂ ಬಾಯಲ್ಲಿ ಉಪ್ಪಿನ ರುಚಿ ಬರುತ್ತದೆ. ಶುಕ್ರವಾರ ಸಂಜೆ ಶುರುವಾಗುವ ಅವರ ವಿಶ್ರಾಂತಿಯ ದಿನ ಶಬ್ಬತ್. ಆ ರಾತ್ರಿಯ ಊಟಕ್ಕೆ ನನ್ನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ದೇವರು ಅವರಿಗೆ ಒಳ್ಳೆಯದು ಮಾಡಲಿ.

ಮೇಜಿನ ಮೇಲೆ ಜಡೆ ಹೆಣೆದಂಥ ಎರಡು ಹಲ್ಲಾ ರೊಟ್ಟಿ. ಮರುಭೂಮಿಯಲ್ಲಿ ದೇವರು ಅವರ ಪೂರ್ವಜರಿಗೆ ಕೊಟ್ಟ ಆಹಾರ ಮನ್ನಾ, ಅದು ಆರನೇ ದಿನ ಎರಡು ಪಾಲು ಸಿಕ್ಕಿತ್ತಲ್ಲ, ಅದರ ನೆನಪಿಗೆ. ಮೇಲೊಂದು ಕಸೂತಿ ಬಟ್ಟೆ. ಮೊದಲ ಸ್ತುತಿ ದ್ರಾಕ್ಷಾರಸದ ಮೇಲೆ, ಅಷ್ಟು ಹೊತ್ತು ರೊಟ್ಟಿಗೆ ಅವಮಾನ ಆಗಬಾರದು ಅಂತ ಮುಚ್ಚಿಡುತ್ತಾರಂತೆ. ಕೇಳಿ ನಾನು ನಕ್ಕೆ. ಅಜ್ಜಿ ನಗಲಿಲ್ಲ.

ಕೈ ತೊಳೆದ ಮೇಲೆ ರೊಟ್ಟಿ ಬಾಯಿಗೆ ಬೀಳುವ ತನಕ ಮಾತಿಲ್ಲ. 'ಭೂಮಿಯಿಂದ ರೊಟ್ಟಿ ಹೊರತರುವ ದೇವರೇ' ಎಂದು ಸ್ತುತಿ ಹೇಳಿ, ತುಂಡು ಮಾಡಿ, ಉಪ್ಪಿಗೆ ಅದ್ದಿ ಎಲ್ಲರಿಗೂ ಕೊಡುತ್ತಾರೆ. ಅಜ್ಜಿಯ ಕೈ ನಡುಗುತ್ತಿತ್ತು, ನನ್ನ ತುಂಡಿಗೆ ಉಪ್ಪು ಯಾವಾಗಲೂ ಜಾಸ್ತಿ. ಕಾಣಿಕೆಗಳಿಗೆಲ್ಲ ಉಪ್ಪು ಸೇರಿಸಬೇಕು ಎಂದು ಬೈಬಲಿನ ಯಾಜಕಕಾಂಡದಲ್ಲಿ ನಾವು ಕ್ರೈಸ್ತರೂ ಓದಿದ್ದೇವೆ. ಆದರೆ ಅದು ಬಲಿಪೀಠದ ಮಾತು. ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯ ಕೆಡವಿದರು, ಬಲಿಪೀಠವೂ ಹೋಯಿತು. ಆಗ ಪಾಪ ಕಳೆದುಕೊಳ್ಳುವುದು ಎಲ್ಲಿ? ಈಗ ಮನುಷ್ಯನ ಊಟದ ಮೇಜೇ ಆ ಕೆಲಸ ಮಾಡುತ್ತದೆ ಎನ್ನುತ್ತದೆ ಯೆಹೂದಿಗಳ ಧರ್ಮಗ್ರಂಥ ತಾಲ್ಮೂದ್. ಮನೆಗೆ ಬಂದವರಿಗೆ ಬಡಿಸುವುದರಿಂದ, ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ವಾರದ ದಿನಗಳಲ್ಲಿ ಊಟವಾದ ಮೇಲಿನ ಪ್ರಾರ್ಥನೆಗೆ ಮೊದಲು ಚಾಕು ತೆಗೆದಿಡುವುದೂ ಇದಕ್ಕೇ. ಬಲಿಪೀಠದ ಕಲ್ಲಿಗೆ ಕಬ್ಬಿಣ ತಾಗಬಾರದು.

ಆ ಪ್ರಾರ್ಥನೆಯಂತೂ ಉದ್ದ! 'ಉಂಡು ತೃಪ್ತರಾದ ಮೇಲೆ ದೇವರನ್ನು ಸ್ತುತಿಸಿ' ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ನಾವು ಊಟಕ್ಕೆ ಮೊದಲು ಶಿಲುಬೆಯ ಗುರುತು ಹಾಕುತ್ತೇವೆ, ಸರಿ. ಹೊಟ್ಟೆ ತುಂಬಿದ ಮೇಲೆ ಎಷ್ಟು ಜನ ಹಾಕುತ್ತೇವೆ? ಹಸಿದಾಗ ದೇವರ ನೆನಪು ಸುಲಭ.

ಊಟಕ್ಕೆ ಮೊದಲು ಮಕ್ಕಳ ತಲೆ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಿದ್ದರು. ನಮ್ಮಲ್ಲೂ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಮುಗಿದ ಮೇಲೆ ಹಿರಿಯರ ಬೆಸಾಂವ್ (ಆಶೀರ್ವಾದ) ತೆಗೆದುಕೊಂಡೇ ಊಟಕ್ಕೆ ಕೂರುತ್ತಿದ್ದೆವು ಅಲ್ವಾ? ಈಗ ತೇರ್ಸ್ ಅವಸರದ್ದು. ಒಬ್ಬರು ಟಿವಿ ಮುಂದೆ ತಟ್ಟೆ ಹಿಡಿದರೆ ಇನ್ನೊಬ್ಬರು ಮೊಬೈಲ್ ನೋಡುತ್ತಾ ಉಣ್ಣುತ್ತಾರೆ. ಶಬ್ಬತ್ತಿನಲ್ಲಿ ಆ ಮನೆಯವರು ಫೋನ್ ಮುಟ್ಟುವುದಿಲ್ಲ. ಶುಕ್ರವಾರ ಒಂದು ರಾತ್ರಿಯಾದರೂ ಮೊಬೈಲ್ ಕಪಾಟಿನಲ್ಲಿಡೋಣ ಅಂತ ನಮ್ಮ ಮನೆಯಲ್ಲೂ ಹೇಳಿದ್ದೇನೆ. ಮಗ ಒಪ್ಪಿದ್ದಾನೆ. ಅವನ ಅಪ್ಪ ಇನ್ನೂ ಒಪ್ಪಿಲ್ಲ.